ತೆಂಗಿನ ವಕೀಲರು ಕೃಷಿ ಮಂತ್ರಿಯಾದದ್ದು

ಮೂಡಲಗಿರಿಯಪ್ಪನವರಿಗೂ ಬೇಸಾಯಕ್ಕೂ ಇದ್ದ ಸಂಬಂಧ ಊಟದೆಲೆಯ ಮೇಲೆ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ತಟ್ಟೆಗೆ ಬಂದದ್ದು ರಾಗಿಯೋ ಜೋಳವೋ ಎಂದು ಅವರು ಹೇಳಬಲ್ಲರು. ಹೊಲದಲ್ಲಿ ನಿಂತದ್ದು ರಾಗಿಯೋ ಹುಲ್ಲೋ ಎಂದು ಕೇಳಿದರೆ ವಾಯಿದೆ ಬೇಡುವ ಮುಖ ಮಾಡುತ್ತಿದ್ದರು. ಅವರ ತಂದೆ ತುಮಕೂರಿನ ಕೋರ್ಟಿನಲ್ಲಿ ಅಮೀನರು. ಜಪ್ತಿಗೆ ಹೋದಾಗ ಬಿಟ್ಟರೆ ಹೊಲದ ಬದುವನ್ನು ತುಳಿದವರಲ್ಲ. ಮಗ ಚಿಕ್ಕಪೇಟೆಯ ಓಣಿಯಲ್ಲಿ ಬೆಳೆದು, ಪೂನಾಕ್ಕೆ ಹೋಗಿ ಲಾ ಓದಿ, ಕರಿ ಕೋಟು ಹೊಲಿಸಿಕೊಂಡು ಅದೇ ಕೋರ್ಟಿನ ಮೆಟ್ಟಿಲು ಹತ್ತಿದರು. ಹೆಂಡತಿ ನರಸಿಂಹಮ್ಮ ಮಾತ್ರ ಅಮೃತೂರಿನ ತೋಟದ ಮನೆಯಿಂದ ಬಂದವಳು. ವರ್ಷಕ್ಕೊಮ್ಮೆ ತವರಿನಿಂದ ಮೂಟೆ ತೆಂಗಿನಕಾಯಿ ಬರುತ್ತಿತ್ತು, ಮೂಡಲಗಿರಿಯಪ್ಪನವರು ಅದರ ಚಟ್ನಿಯನ್ನು ಹೊಗಳಿ ತಿನ್ನುತ್ತಿದ್ದರು. ತೆಂಗಿನ ವಿಚಾರದಲ್ಲಿ ಅವರ ಪಾಂಡಿತ್ಯ ಅಷ್ಟೇ.

ಅಂಥವರಿಗೆ ತೆಂಗಿನ ವಕೀಲರು ಎಂಬ ಹೆಸರು ಬಂದದ್ದು ಕಡಬದ ಒಂದು ಮರದಿಂದ. ಆ ಮರದ ಬುಡ ಪುಟ್ಟರಂಗಯ್ಯನ ತೋಟದಲ್ಲಿತ್ತು. ಅದು ಎಳೆತನದಲ್ಲೇ ಸೊಟ್ಟಗಾಗಿ, ಬೇಲಿ ದಾಟಿ ಬಾಗಿ, ತಲೆಯನ್ನು ಪಕ್ಕದ ಅಣ್ಣಯ್ಯಪ್ಪನ ಹಿತ್ತಲ ಮೇಲೆ ಚಾಚಿತ್ತು. ಕಾಯಿ ಬಿದ್ದರೆ ಅಣ್ಣಯ್ಯಪ್ಪನ ಕೊಟ್ಟಿಗೆಯ ಹೆಂಚು ಒಡೆಯುತ್ತಿತ್ತು. ಹೆಂಚು ಒಡೆದದ್ದಕ್ಕೆ ಕಾಯಿ ನನ್ನದು ಎಂದು ಅವನು, ಮರ ನನ್ನದು ಕಾಯಿಯೂ ನನ್ನದು ಎಂದು ಇವನು. ಇಬ್ಬರೂ ಕಡಬದಲ್ಲಿ ಒಂದೊಂದು ಪಾರ್ಟಿ ಕಟ್ಟಿಕೊಂಡ ಗಟ್ಟಿ ಕುಳಗಳು. ಹಾಗಾಗಿ ಜಗಳ ಪಂಚಾಯಿತಿ ದಾಟಿ ಮುನ್ಸೀಫ್ ಕೋರ್ಟಿಗೆ ಬಂತು. ಅಣ್ಣಯ್ಯಪ್ಪನ ವಕಾಲತ್ತು ಮೂಡಲಗಿರಿಯಪ್ಪನವರದು.

ಅವರು ವಾದ ಮಾಡಿದ ದಿನ ಬೇರೆ ಕೋರ್ಟಿನ ವಕೀಲರೂ ಬಂದು ಬಾಗಿಲಲ್ಲಿ ನಿಂತಿದ್ದರು. ಈ ಮರ ನೀರು ಕುಡಿಯುವುದು ಪ್ರತಿವಾದಿಯ ನೆಲದಲ್ಲಿ ಇರಬಹುದು, ಆದರೆ ಬಿಸಿಲು ತಿನ್ನುವುದು, ಗಾಳಿ ಸೇವಿಸುವುದು ಪೂರಾ ನನ್ನ ಕಕ್ಷಿಗಾರನ ಆಕಾಶದಲ್ಲಿ ಎಂದರು. ಬುಡದಲ್ಲಿ ಅದು ಪುಟ್ಟರಂಗಯ್ಯನ ಒಕ್ಕಲು, ತಲೆಯಲ್ಲಿ ಅಣ್ಣಯ್ಯಪ್ಪನ ಒಕ್ಕಲು, ಎರಡೂ ಕಡೆ ಗೇಣಿ ಸಲ್ಲಬೇಕು ಎಂದರು. ಮುನ್ಸೀಫರು ಕನ್ನಡಕ ತೆಗೆದು ಒರೆಸಿಕೊಂಡು ವಾರ ಕಳೆದು ತೀರ್ಪು ಕೊಟ್ಟರು: ತಾನಾಗಿ ಬಿದ್ದ ಕಾಯಿ ಅಣ್ಣಯ್ಯಪ್ಪನಿಗೆ, ಮರ ಹತ್ತಿ ಕಿತ್ತ ಕಾಯಿ ಪುಟ್ಟರಂಗಯ್ಯನಿಗೆ.

ಇದರಿಂದ ಕಡಬದಲ್ಲಿ ಶಾಂತಿ ನೆಲೆಸಲಿಲ್ಲ. ಅಣ್ಣಯ್ಯಪ್ಪ ಬೆಳಗಾದರೆ ಗಾಳಿಗೆ ಕೈಮುಗಿಯತೊಡಗಿದ. ಪುಟ್ಟರಂಗಯ್ಯ ಕಾಯಿ ಬಲಿಯುವ ಮೊದಲೇ ಮರ ಹತ್ತಿಸತೊಡಗಿದ. ಮರ ಹತ್ತಿದವನ ಕೈ ತಗುಲಿ ಬಿದ್ದದ್ದು ಕಿತ್ತದ್ದೋ ಬಿದ್ದದ್ದೋ, ಕೋತಿ ಕೆಡವಿದ್ದು ಯಾವ ಲೆಕ್ಕ ಎಂದು ಒಂದರ ಬೆನ್ನಿಗೆ ಒಂದು ದಾವೆ ಹುಟ್ಟಿಕೊಂಡವು. ಮೂಡಲಗಿರಿಯಪ್ಪನವರ ಮಾತಿಗೆ ಸೋತ ಪುಟ್ಟರಂಗಯ್ಯನೇ ತನ್ನ ದಾಯಾದಿಗಳ ಮೇಲಿನ ಬಾವಿ ವ್ಯಾಜ್ಯಕ್ಕೆ ಅವರನ್ನೇ ಹಿಡಿದ. ಅಂಥ ಬಾಯಿ ಎದುರಿಗಿರುವುದಕ್ಕಿಂತ ನಮ್ಮ ಕಡೆ ಇರಲಿ ಎಂಬುದು ಅವನ ಲೆಕ್ಕಾಚಾರ.

ಐವತ್ತೇಳರ ಚುನಾವಣೆಯಲ್ಲಿ ಈ ಮರ ಮತ್ತೊಂದು ಫಲ ಕೊಟ್ಟಿತು. ಗುಬ್ಬಿಯಿಂದ ಯಾರನ್ನು ನಿಲ್ಲಿಸಬೇಕೆಂದು ಪಕ್ಷದ ಹಿರಿಯರು ಕೂತರೆ, ಪುಟ್ಟರಂಗಯ್ಯ ಹೇಳಿದವರನ್ನು ಅಣ್ಣಯ್ಯಪ್ಪ ಒಪ್ಪುತ್ತಿರಲಿಲ್ಲ, ಅಣ್ಣಯ್ಯಪ್ಪ ಹೇಳಿದವರ ಹೆಸರು ಕೇಳಿದರೆ ಪುಟ್ಟರಂಗಯ್ಯ ಎದ್ದು ಟವೆಲ್ಲು ಕೊಡವುತ್ತಿದ್ದ. ಸಂಜೆಯಾಗುವ ಹೊತ್ತಿಗೆ ಇಬ್ಬರೂ ಬಯ್ಯದೆ ಉಳಿದ ಹೆಸರು ಒಂದೇ. ಅದು ಅವರ ವಕೀಲರದ್ದು. ಇಬ್ಬರ ಕೇಸೂ ಇನ್ನೂ ಅವರ ಕೈಯಲ್ಲಿತ್ತು, ಬಯ್ಯಲು ಧೈರ್ಯವಿರಲಿಲ್ಲ. ಹೀಗೆ ಮೂಡಲಗಿರಿಯಪ್ಪನವರು ಶಾಸಕರಾದರು. ಐದು ವರ್ಷ ವಿಧಾನಸೌಧದ ಹಿಂದಿನ ಬೆಂಚಿನಲ್ಲಿ ಕೂತು ಪ್ರತಿಯೊಂದು ಮಸೂದೆಯ ಅಲ್ಪವಿರಾಮ ಪೂರ್ಣವಿರಾಮ ತಿದ್ದಿಸಿದರು. ಅರವತ್ತೆರಡರಲ್ಲಿ ಮತ್ತೆ ಗೆದ್ದರು.

ಈ ಸಲ ಮಂತ್ರಿಗಿರಿ ಸಿಗುತ್ತದೆಂದು ಸುದ್ದಿಯಾದಾಗ ಅವರು ಕಾನೂನು ಖಾತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊಸ ಕರಿ ಕೋಟು ಹೊಲಿಸಿದರು. ಆದರೆ ಖಾತೆ ಹಂಚುವ ದಿನ ಹಿರಿಯರ ಕೊಠಡಿಯಲ್ಲಿ ಕೃಷಿಗೆ ಯಾರು ಎಂಬ ಪ್ರಶ್ನೆ ಬಂತಂತೆ. ತುಮಕೂರಿನ ಕಡೆಯ ಒಬ್ಬರಿದ್ದಾರಲ್ಲ, ತೆಂಗಿನವರು ಎಂದು ಯಾರೋ ಅಂದರಂತೆ. ಹಾಗಾದರೆ ಅವರೇ ಇರಲಿ ಎಂದಾಯಿತು. ಕಾನೂನು ಖಾತೆ ಕುಣಿಗಲ್ ಕಡೆಯ ದೊಡ್ಡ ಜಮೀನ್ದಾರ ಚನ್ನವೀರಯ್ಯನವರಿಗೆ ಹೋಯಿತು. ಅವರು ಹುಟ್ಟಿದಾಗಿನಿಂದ ಕೋರ್ಟಿನ ಕಾಂಪೌಂಡು ಕಂಡರೆ ದಾರಿ ಬದಲಿಸುವವರು.

ಸುದ್ದಿ ಕೇಳಿ ನರಸಿಂಹಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ರೀ, ಕರಿಬೇವಿನ ಗಿಡಕ್ಕೆ ನೀರು ಹಾಕಿ ಅಂದ್ರೆ ತುಳಸಿಗೆ ಹಾಕಿ ಬರೋರು ನೀವು. ರಾಜ್ಯಕ್ಕೆಲ್ಲಾ ಏನು ಹಾಕ್ತೀರಿ?"

ಮೂಡಲಗಿರಿಯಪ್ಪನವರು ಸಂವಿಧಾನದಲ್ಲಿ ಮಂತ್ರಿಗೆ ಗಿಡ ಗೊತ್ತಿರಬೇಕೆಂಬ ವಿಧಿ ಎಲ್ಲೂ ಇಲ್ಲ ಎಂದು ಉತ್ತರಿಸಿದರು. ಆದರೂ ಆ ರಾತ್ರಿ ಊಟ ಸೇರಲಿಲ್ಲ. ಕೋರ್ಟಿನಲ್ಲಿ ಗೊತ್ತಿಲ್ಲದ್ದನ್ನು ಓದಿಕೊಂಡು ಬರಲು ವಾಯಿದೆ ಸಿಗುತ್ತಿತ್ತು. ಇಲ್ಲಿ ನಾಳೆ ಬೆಳಗ್ಗೆಯೇ ಪ್ರಮಾಣವಚನ.

ಕೃಷಿ ಇಲಾಖೆಯಲ್ಲಿ ಅವರ ಕೈಗೆ ಸಿಕ್ಕಿದವರು ವೆಂಕಟೇಶಯ್ಯ ಎಂಬ ಅಧಿಕಾರಿ. ಅಮೆರಿಕಕ್ಕೆ ಹೋಗಿ ಮಣ್ಣಿನ ವಿಷಯ ಓದಿ ಡಾಕ್ಟರಾಗಿ ಬಂದವರು, ಮೆತ್ತಗೆ ಮಾತಾಡುವವರು, ಕೆಟ್ಟ ಸುದ್ದಿಯನ್ನೂ ಅಂಕಿಅಂಶದಲ್ಲೇ ಹೇಳುವವರು. ಮೂಡಲಗಿರಿಯಪ್ಪನವರು ಮೊದಲ ವಾರವೇ ಅವರಿಗೆ, ನನಗೆ ಏನೂ ಗೊತ್ತಿಲ್ಲ, ಆದರೆ ಗೊತ್ತಿರುವವರ ಬಾಯಿ ಬಿಡಿಸುವುದು ಗೊತ್ತು ಎಂದು ನೇರವಾಗಿ ಹೇಳಿಬಿಟ್ಟರು. ವೆಂಕಟೇಶಯ್ಯನವರಿಗೆ ಇದು ವಿನಯವೋ ಬೆದರಿಕೆಯೋ ತಿಳಿಯಲಿಲ್ಲ.

ತಿಳಿದದ್ದು ಕುಣಿಗಲ್ ತಾಲ್ಲೂಕಿನ ಪ್ರವಾಸದಲ್ಲಿ. ಅಮೃತೂರಿನ ಸುತ್ತ ತೆಂಗಿನ ಗರಿಗಳನ್ನು ಕಪ್ಪು ತಲೆಯ ಹುಳ ತಿಂದು ಸುಟ್ಟಂತೆ ಮಾಡಿತ್ತು. ಮಾವನ ಮನೆಯ ಊರಿನವರೇ ಬಂದು ಸ್ಕೂಲಿನ ಅಂಗಳದಲ್ಲಿ ಮಂತ್ರಿಯನ್ನು ಸುತ್ತುವರಿದು ಏನಾದರೂ ಮಾಡಿ ಎಂದರು. ಏನು ಮಾಡಬೇಕೆಂದು ತೋಚದ ಮೂಡಲಗಿರಿಯಪ್ಪನವರು ಬಲ್ಲ ಕೆಲಸವನ್ನೇ ಮಾಡಿದರು. ಮೇಜು ಹಾಕಿಸಿ ಕೂತು ಒಬ್ಬೊಬ್ಬರನ್ನೇ ಕರೆದು ಪಾಟೀಸವಾಲು ಶುರು ಮಾಡಿದರು. ಹುಳವನ್ನು ಮೊದಲು ಕಂಡದ್ದು ಯಾವಾಗ, ಆಗ ಜೊತೆಗೆ ಯಾರಿದ್ದರು, ಅದು ತಿನ್ನುವುದನ್ನು ಕಣ್ಣಾರೆ ನೋಡಿದಿರೋ ತಿಂದ ಮೇಲೆ ನೋಡಿದಿರೋ. ಕೊನೆಗೆ, ಎದುರು ಪಕ್ಷದ ಮಾತು ಕೇಳದೆ ಯಾರ ಮೇಲೂ ಕ್ರಮ ಜರುಗಿಸುವ ಹಾಗಿಲ್ಲ, ಹುಳದ ಪರವಾಗಿ ಯಾರಾದರೂ ಇದ್ದೀರಾ ಎಂದು ಕೇಳಿದರು. ಅಂಗಳವೆಲ್ಲ ವೆಂಕಟೇಶಯ್ಯನವರ ಕಡೆ ತಿರುಗಿತು.

ಅವರು ಬೆವರು ಒರೆಸಿಕೊಂಡು ಎದ್ದರು. ಹುಳ ಮೊಟ್ಟೆಯಿಡುವುದು, ಗರಿಯ ಅಡಿಯಲ್ಲಿ ಗೂಡು ಕಟ್ಟುವುದು, ಬಿಸಿಲಿನಲ್ಲಿ ಹೆಚ್ಚುವುದು, ಅದನ್ನು ತಿನ್ನುವ ಸಣ್ಣ ಕಣಜದ ಹುಳು ಇರುವುದು ಎಲ್ಲವನ್ನೂ ಹೇಳಿದರು. ಮಾತಿನ ಭರದಲ್ಲಿ ಗರಿ ತಿನ್ನುವ ಹುಳಕ್ಕೂ ಹೊಟ್ಟೆಯಿದೆ ಎಂದೂ ಅಂದುಬಿಟ್ಟರು. ಮಂತ್ರಿಗಳು ಎಲ್ಲ ಕೇಳಿ, ಹೆಚ್ಚು ಕೆಟ್ಟ ಗರಿಗಳನ್ನು ಕಡಿದು ಸುಡತಕ್ಕದ್ದು, ಕಣಜವನ್ನು ತರಿಸಿ ಬಿಡತಕ್ಕದ್ದು, ಅಲ್ಲಿಯವರೆಗೆ ವಿಚಾರಣೆ ಮುಂದಕ್ಕೆ ಎಂದು ಎದ್ದರು. ಕಣಜ ಬೆಂಗಳೂರಿನಿಂದ ಹೊರಡುವ ಮೊದಲೇ ಮಳೆ ಹಿಡಿಯಿತು, ಹುಳ ತಾನಾಗಿ ಇಳಿಯಿತು. ಆದರೆ ಅಮೃತೂರಿನಿಂದ ಹೊರಟ ಖಾಸಗಿ ಬಸ್ಸುಗಳೆಲ್ಲ ಒಂದೇ ಸುದ್ದಿ ಹೊತ್ತು ಓಡಾಡಿದವು: ನಮ್ಮ ಮಂತ್ರಿಗಳು ಹುಳಕ್ಕೆ ತಡೆಯಾಜ್ಞೆ ತಂದು ನಿಲ್ಲಿಸಿದರಂತೆ. ಆಮೇಲೆ ಬೇರೆ ಜಿಲ್ಲೆಗಳವರೂ ಇಲಿಯ ಮೇಲೆ, ಹಂದಿಯ ಮೇಲೆ ತಡೆಯಾಜ್ಞೆ ಕೇಳಿಕೊಂಡು ಬರತೊಡಗಿದರು.

ಈ ಕೀರ್ತಿ ಎಷ್ಟು ದೂರ ಹೋಯಿತೆಂದರೆ, ಅರವತ್ತನಾಲ್ಕರ ಚಳಿಗಾಲದಲ್ಲಿ ವೆಸ್ಟ್ ಇಂಡೀಸಿನ ಒಂದು ಪುಟ್ಟ ದ್ವೀಪದ ಕೃಷಿ ಮಂತ್ರಿ, ಪ್ರೆಂಟಿಸ್ ಎಂಬುವರು, ದೆಹಲಿಗೆ ಬಂದವರು ತೆಂಗು ನೋಡಬೇಕೆಂದಾಗ ಮೇಲಿನವರು ಅವರನ್ನು ಸೀದಾ ತುಮಕೂರಿಗೆ ಕಳಿಸಿದರು. ಮೂಡಲಗಿರಿಯಪ್ಪನವರು ತಕ್ಷಣ ವೆಂಕಟೇಶಯ್ಯನವರನ್ನು ಕರೆಸಿದರು. ಊರಿನ ರೈತರಾದರೆ ಪ್ರಶ್ನೆ ಕೇಳಿ ಹೊತ್ತು ತಳ್ಳಬಹುದು. ತೆಂಗಿನ ದ್ವೀಪದಿಂದ ಸಮುದ್ರ ದಾಟಿ ಬಂದ ಪಂಡಿತನ ಮುಂದೆ ಮಾನ ಹೋಗುವುದು ಖಂಡಿತ. ವೆಂಕಟೇಶಯ್ಯನವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವುದು, ತಾವು ಕೆಮ್ಮಿದಾಗಲೆಲ್ಲ ಅವರು ಮಾತು ಎತ್ತಿಕೊಳ್ಳುವುದು ಎಂದು ಏರ್ಪಾಡಾಯಿತು.

ಪ್ರೆಂಟಿಸರು ಆರಡಿ ಮೀರಿದ ಆಳು, ಭಾರಿ ಮೈ, ನೆರೆತ ತಲೆ. ಗುಬ್ಬಿಯಲ್ಲಿ ಸ್ವಾಗತಕ್ಕೆಂದು ಕಾರು ನಿಂತಾಗ ಹೈಸ್ಕೂಲು ಮೈದಾನದಲ್ಲಿ ಜನವೋ ಜನ. ಕೃಷಿ ಮಂತ್ರಿಯನ್ನು ನೋಡಲು ಇಷ್ಟು ಮಂದಿಯೇ ಎಂದು ಮೂಡಲಗಿರಿಯಪ್ಪನವರಿಗೆ ಬೆರಗು. ಹತ್ತಿರ ಹೋದ ಮೇಲೆ ಗೊತ್ತಾಯಿತು, ವೆಸ್ಟ್ ಇಂಡೀಸಿನವರು ಬರುತ್ತಾರೆಂಬ ಮಾತು ಮಾತ್ರ ಊರಿಗೆ ಮುಟ್ಟಿತ್ತು. ರೇಡಿಯೋ ಕಾಮೆಂಟರಿ ಕೇಳಿ ಪಳಗಿದ ಗುಬ್ಬಿಯ ಪಾಲಿಗೆ ಅಲ್ಲಿಂದ ಬರುವವರೆಲ್ಲ ಬೌಲರುಗಳೇ. ಹೆಡ್‌ಮಾಸ್ತರರು ಹಾರ ಹಾಕಿ ಕೈಗೆ ಕೆಂಪು ಚೆಂಡು ಕೊಟ್ಟುಬಿಟ್ಟರು. ಜನರ ಮನಸ್ಸು ನೋಯಿಸಬಾರದೆಂದು ಪ್ರೆಂಟಿಸರು ಕೋಟು ಬಿಚ್ಚಿದರು. ಎದುರಿಗೆ ಬ್ಯಾಟು ಹಿಡಿಯಬೇಕಾದವರು ಅತಿಥೇಯ ಮಂತ್ರಿಗಳು. ಚೆಂಡು ಒಂದು ಸಲ ಪುಟಿದು, ಪಂಚೆಯ ಅಂಚಿಗೆ ತಗುಲಿ, ವಿಕೆಟ್ಟಿಗೆ ಬಡಿಯಿತು. ಡ್ರಿಲ್ ಮಾಸ್ತರರು ಬೆರಳೆತ್ತಿದರು.

ಮೂಡಲಗಿರಿಯಪ್ಪನವರು ಅಲ್ಲಾಡಲಿಲ್ಲ. ಚೆಂಡು ವಿಕೆಟ್ಟಿಗೆ ಬಡಿದದ್ದು ಪಂಚೆಯ ದೆಸೆಯಿಂದ, ಪಂಚೆ ಬ್ಯಾಟೂ ಅಲ್ಲ ಕಾಲೂ ಅಲ್ಲ, ನಿಯಮ ಬರೆದವರು ಪಂಚೆಯನ್ನು ಕಂಡವರೇ ಅಲ್ಲ, ಆದ್ದರಿಂದ ಈ ನಿಯಮ ಇಲ್ಲಿ ಅನ್ವಯಿಸದು ಎಂದು ಇಂಗ್ಲಿಷಿನಲ್ಲಿ ವಾದಕ್ಕೆ ನಿಂತರು. ಪ್ರೆಂಟಿಸರು ಪಿಚ್ಚಿನ ಆ ಕೊನೆಯಿಂದ ನಡೆದು ಬಂದು, ನಿಯಮವನ್ನು ಒಪ್ಪಿ ಆಟಕ್ಕೆ ಇಳಿದವರು ತಮ್ಮ ಉಡುಪಿನ ಹೊಣೆಯನ್ನೂ ಹೊರಬೇಕು ಎಂದು ಗಂಭೀರವಾಗಿ ಪ್ರತಿವಾದ ಹೂಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಡಬದ ಕಡೆ ಕಾರು ತಿರುಗಿದ ಮೇಲೆ ಪ್ರೆಂಟಿಸರು ದನಿ ತಗ್ಗಿಸಿ, ನನಗೆ ಒಂದು ಅನುಮಾನ, ತಾವು ಮೊದಲು ಏನು ಮಾಡಿಕೊಂಡಿದ್ದಿರಿ ಎಂದು ಕೇಳಿದರು. ವಕೀಲಿ ಎಂದರು ಇವರು. ಪ್ರೆಂಟಿಸರು ಸೀಟಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು. ಅವರೂ ಲಂಡನ್ನಿನಲ್ಲಿ ಓದಿ ಬಂದ ಬ್ಯಾರಿಸ್ಟರು. ಕಬ್ಬಿನ ತೋಟದ ಕೂಲಿಯವರ ಪರವಾಗಿ ಒಂದು ಮೊಕದ್ದಮೆ ಗೆದ್ದದ್ದಕ್ಕೆ ಕೃಷಿ ಖಾತೆಯನ್ನು ಅವರ ತಲೆಗೆ ಕಟ್ಟಿದ್ದರು. ಬಾಳೆಗೂ ತೆಂಗಿಗೂ ವ್ಯತ್ಯಾಸ ತಿಳಿಯುತ್ತದೆ, ಅದರಿಂದಾಚೆಗೆ ಸೆಕ್ರೆಟರಿಯೇ ದಿಕ್ಕು ಎಂದು ಅವರೂ ಒಪ್ಪಿಕೊಂಡರು. ಈ ತುಮಕೂರಿನ ತೆಂಗಿನ ಪಂಡಿತನ ಮುಂದೆ ಬಣ್ಣ ಬಯಲಾಗುತ್ತದೆಂದು ಹಿಂದಿನ ದಿನವೆಲ್ಲ ಹೆದರಿದ್ದರಂತೆ. ಮುಂದಿನ ಸೀಟಿನಲ್ಲಿದ್ದ ವೆಂಕಟೇಶಯ್ಯನವರು ಕೆಮ್ಮಿಗಾಗಿ ಕಾದರು. ಕೆಮ್ಮು ಬರಲಿಲ್ಲ. ಕಡಬದ ಕೆರೆ ಕಾಣುವವರೆಗೂ ಹಿಂದೆ ಜಾಮೀನಿನ ಕಾನೂನಿನ ಮಾತೇ ನಡೆಯಿತು.

ಕಡಬದಲ್ಲಿ ಎಳನೀರಿನ ಏರ್ಪಾಡಾಗಿದ್ದದ್ದು ಪುಟ್ಟರಂಗಯ್ಯನ ತೋಟದಲ್ಲಿ. ವಿದೇಶಿ ಮಂತ್ರಿಗೆ ನನ್ನ ಕೋರ್ಟಿನ ಮರದ ಎಳನೀರೇ ಕುಡಿಸಬೇಕೆಂದು ಅವನ ಹಟ. ಇಲಾಖೆಯವರು ಮರ ಹತ್ತುವವನನ್ನು ಗುಬ್ಬಿಯಿಂದ ಕರೆತಂದಿದ್ದರು. ಬೇಲಿಯಾಚೆ ಅಣ್ಣಯ್ಯಪ್ಪ ತನ್ನ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣನ್ನು ಮರದ ತಲೆಯಲ್ಲೇ ನೆಟ್ಟು ಕೂತಿದ್ದ. ಹತ್ತುವವನು ಅರ್ಧ ಮರ ಏರಿದ್ದನೋ ಇಲ್ಲವೋ, ಮೇಲಿನಿಂದ ಒಂದು ಬಲಿತ ಕಾಯಿ ಕಳಚಿ ಬಂದು ಅಣ್ಣಯ್ಯಪ್ಪನ ಹಿತ್ತಲಲ್ಲಿ ದೊಪ್ಪನೆ ಬಿತ್ತು.

ಅಣ್ಣಯ್ಯಪ್ಪ ಎದ್ದು ಅದನ್ನು ಎತ್ತಿಕೊಂಡ.

"ತಾನಾಗೇ ಬಿತ್ತು ಬುದ್ಧಿ. ಅವ್ನ ಕೈ ಇನ್ನೂ ಅಲ್ಲಿಗೆ ಹೋಗಿಲ್ಲ. ಎಲ್ಲಾರೂ ನೋಡವ್ರೆ."

ಪುಟ್ಟರಂಗಯ್ಯ ಬೇಲಿಯ ಹತ್ತಿರ ಬಂದ. "ಆಳು ಹತ್ತಿ ಮರ ಅಲ್ಲಾಡ್ತು, ಅದ್ಕೇ ಬಿತ್ತು. ಇದು ಕಿತ್ತಿದ್ದೇ ಲೆಕ್ಕ. ಕಾಯಿ ಈ ಕಡೀಕೆ ಕೊಡ್ಲಾ."

ಪ್ರೆಂಟಿಸರು ಏನೆಂದು ಕೇಳಿದರು. ವೆಂಕಟೇಶಯ್ಯನವರು ಬೇಡದ ಮನಸ್ಸಿನಿಂದ ಇಡೀ ವ್ಯಾಜ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಕೇಳುತ್ತ ಕೇಳುತ್ತ ಆ ದೊಡ್ಡ ಮನುಷ್ಯನ ಮುಖ ಅರಳಿತು. ಈ ಯಜಮಾನರಿಗೆ ಸದ್ಯ ವಕೀಲರಿಲ್ಲವಾದರೆ ಅವರ ಪರವಾಗಿ ನಾನು ನಿಲ್ಲಲೇ ಎಂದರು. ಪುಟ್ಟರಂಗಯ್ಯನಿಗೆ ಮಾತು ಅರ್ಥವಾಗುವ ಮೊದಲೇ ತಲೆಯಾಡಿತು. ಸಮುದ್ರದಾಚೆಯ ಲಾಯರು ಪುಕ್ಕಟೆ ಸಿಕ್ಕಿದ್ದಾನೆ, ಯಾರು ಬಿಟ್ಟಾರು. ಮೂಡಲಗಿರಿಯಪ್ಪನವರು ಬೇಲಿ ದಾಟಿ ಅಣ್ಣಯ್ಯಪ್ಪನ ಪಕ್ಕಕ್ಕೆ ಹೋಗಿ ನಿಂತರು. ನ್ಯಾಯಾಧೀಶರು ಯಾರು ಎಂದು ಹುಡುಕುವ ಅಗತ್ಯವೇ ಬೀಳಲಿಲ್ಲ. ವೆಂಕಟೇಶಯ್ಯನವರನ್ನು ಅಣ್ಣಯ್ಯಪ್ಪನ ಕುರ್ಚಿಯಲ್ಲಿ ಕೂರಿಸಲಾಯಿತು. ಮರದ ಮೇಲಿದ್ದವನು, ಸಾಕ್ಷಿ ಇದ್ದಲ್ಲೇ ಇರಲಿ ಎಂಬ ಅಪ್ಪಣೆಯಾದ್ದರಿಂದ, ಇಳಿಯುವಂತಿಲ್ಲದೆ ಅರ್ಧದಲ್ಲೇ ಅಪ್ಪಿಕೊಂಡು ನಿಂತ.

ಪ್ರೆಂಟಿಸರ ದನಿ ತೋಟವನ್ನೆಲ್ಲ ತುಂಬಿತು. ಕೈ ಮುಟ್ಟಿದರೆ ಮಾತ್ರ ಕಿತ್ತಂತೆ ಎನ್ನುವುದಾದರೆ, ನಿಂತ ನೆಲವನ್ನೇ ಅಲುಗಿಸಿ ಮನುಷ್ಯನನ್ನು ಬೀಳಿಸಿದವನೂ ನಿರಪರಾಧಿಯೇ ಆಗಬೇಕು ಎಂದರು. ಊರವರಿಗೆ ಒಂದಕ್ಷರ ತಿಳಿಯದಿದ್ದರೂ ಆ ಲಯಕ್ಕೆ ತಲೆದೂಗಿದರು. ಮೂಡಲಗಿರಿಯಪ್ಪನವರಿಗೆ ಎಷ್ಟೋ ವರ್ಷದ ಮೇಲೆ ಮೈಯಲ್ಲಿ ರಕ್ತ ಓಡಿದಂತಾಯಿತು. ಗಾಳಿ ಇತ್ತೆಂದು ತೋರಿಸಿದರು. ಕಾಯಿಯ ತೊಟ್ಟು ಒಣಗಿತ್ತೆಂದು ತೋರಿಸಿದರು. ಎದುರಾಳಿ ಒಂದೊಂದನ್ನೂ ಮುರಿದು ಹಾಕಿದರು. ಸೋಲು ಹತ್ತಿರ ಬಂದಿತ್ತು. ಆಗ ಅವರಿಗೆ ಮಿಂಚಿದಂತೆ ಒಂದು ಪ್ರಶ್ನೆ ಹೊಳೆಯಿತು. ಮರದ ಕಡೆ ಮುಖವೆತ್ತಿದರು.

"ಏನಪ್ಪಾ, ನಿನ್ನನ್ನ ಮರ ಹತ್ತು ಅಂತ ಹೇಳ್ದೋರು ಯಾರು? ಪುಟ್ಟರಂಗಯ್ಯನವರಾ?"

"ಇಲ್ಲ ಬುದ್ಧಿ," ಎಂದ ಅವನು ಮೇಲಿನಿಂದ. "ಇಲಾಖೆ ಸಾಹೇಬ್ರು."

ಮೂಡಲಗಿರಿಯಪ್ಪನವರು ನ್ಯಾಯಾಧೀಶರ ಕಡೆ ತಿರುಗಿದರು. ಹಾಗಾದರೆ ಈತ ಪ್ರತಿವಾದಿಯ ಆಳಲ್ಲ, ಸರ್ಕಾರದ ಆಳು. ಮರ ಅಲ್ಲಾಡಿ ಕಾಯಿ ಬಿದ್ದಿತೆಂದೇ ಇಟ್ಟುಕೊಳ್ಳೋಣ. ಅದನ್ನು ಕಿತ್ತದ್ದು ಪುಟ್ಟರಂಗಯ್ಯನಲ್ಲ, ಮೈಸೂರು ಸರ್ಕಾರ ಎಂದರು. ಪ್ರೆಂಟಿಸರು ತಲೆಬಾಗಿ, ನನ್ನ ವಾದ ಇಲ್ಲಿಗೆ ಮುಗಿಯಿತು ಎಂದರು. ಬಿಸಿಲಿಗೆ ತಲೆ ಕಾದಿದ್ದ ವೆಂಕಟೇಶಯ್ಯನವರು ಕುರ್ಚಿಯಿಂದ ಎದ್ದರೆ ಸಾಕೆನಿಸಿ, ಕಾಯಿ ಸರ್ಕಾರದ್ದು ಎಂದು ತೀರ್ಪು ಕೊಟ್ಟುಬಿಟ್ಟರು. ಜವಾನ ಬಂದು ಅಣ್ಣಯ್ಯಪ್ಪನ ಕಂಕುಳಿನಿಂದ ಅದನ್ನು ತೆಗೆದುಕೊಂಡು ಕಾರಿನಲ್ಲಿಟ್ಟ.

ಎರಡು ದೇಶದ ಮಂತ್ರಿಗಳು ಕೈ ಕುಲುಕಿ ಬೆನ್ನು ತಟ್ಟಿಕೊಂಡರು. ಸರ್ಕಾರಿ ಕಾಯಿಯನ್ನು ಅಲ್ಲೇ ಅತಿಥಿಗೆ ರಾಜ್ಯದ ಉಡುಗೊರೆಯಾಗಿ ಕೊಡಲಾಯಿತು. ಅದು ದ್ವೀಪವನ್ನೇನೂ ಮುಟ್ಟಲಿಲ್ಲ. ಗಿಡಗಳ ರೋಗ ಹರಡುತ್ತದೆಂದು ಬೊಂಬಾಯಿಯ ವಿಮಾನ ನಿಲ್ದಾಣದಲ್ಲೇ ತಡೆದರಂತೆ. ಮಾರನೆಯ ದಿನದ ಪೇಪರಿನಲ್ಲಿ, ಉಭಯ ಸಚಿವರು ಕಡಬದ ತೋಟದಲ್ಲಿ ತೆಂಗು ಬೇಸಾಯದ ಸೂಕ್ಷ್ಮಗಳ ಬಗ್ಗೆ ದೀರ್ಘ ಚರ್ಚೆ ನಡೆಸಿದರೆಂದು ಬಂತು.

ಮೂಡಲಗಿರಿಯಪ್ಪನವರು ಮನೆಗೆ ಬಂದು ಕೋಟು ಬಿಚ್ಚುತ್ತಲೇ ನಡೆದದ್ದನ್ನೆಲ್ಲ ಹೆಂಡತಿಗೆ ಅಭಿನಯಿಸಿ ತೋರಿಸಿದರು. ಮಂತ್ರಿಯಾದ ಮೇಲೆ ಅವರನ್ನು ಅಷ್ಟು ಸಂತೋಷದಲ್ಲಿ ಆಕೆ ಕಂಡಿರಲಿಲ್ಲ. ಪೂರ್ತಿ ಕೇಳಿ ನರಸಿಂಹಮ್ಮ ನಗಲಿಲ್ಲ.

"ಕೇಸು ಗೆದ್ರಿ, ಸರಿ. ಆದ್ರೆ ಇಬ್ಬರ ಕಾಯೀನೂ ನೀವೇ ಕಿತ್ಕೊಂಡು ಬಂದ ಹಾಗಾಯ್ತಲ್ರೀ," ಎಂದಳು.

ಅವರಿಗೆ ಆ ಮಾತು ತಟ್ಟಲಿಲ್ಲ. ಅರವತ್ತೇಳರ ಚುನಾವಣೆಗೆ ನಿಂತು, ಪ್ರಚಾರಕ್ಕೆಂದು ಕಡಬಕ್ಕೆ ಹೋದಾಗ ತಟ್ಟಿತು. ಕೆರೆ ಏರಿಯ ಮೇಲೆ ಒಂದು ಎತ್ತಿನ ಗಾಡಿ ಬರುತ್ತಿತ್ತು. ತಮಟೆಯವನ ಹಿಂದೆ ಪುಟ್ಟರಂಗಯ್ಯನೂ ಅಣ್ಣಯ್ಯಪ್ಪನೂ ಭುಜಕ್ಕೆ ಭುಜ ತಾಗಿಸಿ ಒಂದೇ ಹಲಗೆಯ ಮೇಲೆ ಕೂತಿದ್ದರು. ಇವತ್ತು ಬಿದ್ದ ಕಾಯಿ ಸರ್ಕಾರದ್ದು ಅಂದವರು ನಾಳೆ ಮರವನ್ನೂ ತಮ್ಮದೇ ಅನ್ನುತ್ತಾರೆ ಎಂದು ಊರೂರಿಗೆ ಸಾರುತ್ತಿದ್ದರು. ತಾವು ಇಷ್ಟು ವರ್ಷ ವಾದ ಮಾಡಿಯೂ ಮಾಡಿಸಲಾಗದ ರಾಜಿ ಹೀಗೆ ಆಯಿತಲ್ಲ ಎಂದು ಮೂಡಲಗಿರಿಯಪ್ಪನವರು ಕಾರು ನಿಲ್ಲಿಸಿ ಇಳಿದು ಇಬ್ಬರಿಗೂ ಕೈಮುಗಿದರು. ಅವರಿಬ್ಬರೂ ಒಟ್ಟಿಗೇ ಮುಖ ತಿರುಗಿಸಿದರು. ಆ ಸಲ ಮೂಡಲಗಿರಿಯಪ್ಪನವರು ಸೋತದ್ದು ಸಣ್ಣ ಸೋಲಲ್ಲ.

ಮತ್ತೆ ತುಮಕೂರಿಗೆ ಬಂದು ಮನೆಯ ಮುಂದೆ ವಕೀಲರು ಎಂಬ ಬೋರ್ಡು ಹಾಕಿಸಿದರು. ಕೇಸು ಬರಲಿಲ್ಲ. ಮಾಜಿ ಮಂತ್ರಿಗೆ ವಕಾಲತ್ತು ಕೊಟ್ಟರೆ ಹಾಲಿ ಮಂತ್ರಿಯ ಕಡೆಯವರು ಏನಂದಾರೋ ಎಂಬ ಭಯ ಕಕ್ಷಿಗಾರರಿಗೆ. ಬಂದವರು ರೈತರು. ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟು, ಒಣಗಿದ ಎಲೆ, ಕೊಳೆತ ಗೆಡ್ಡೆ ಹಿಡಿದು ಒಳಗೆ ಬರುತ್ತಿದ್ದರು. ನನಗೆ ಇದೇನೂ ತಿಳಿಯದು ಎಂದು ಅವರು ನಿಜ ಹೇಳಿದರೆ, ದೊಡ್ಡವರು ಹಾಗೇ ಅನ್ನುವುದು ಎಂದು ಕೂತುಬಿಡುತ್ತಿದ್ದರು.

ಒಂದು ಬೆಳಗ್ಗೆ ಪಕ್ಕದ ಹಳ್ಳಿ ಸತ್ಯಮಂಗಲದಿಂದ ತಿಪ್ಪಮ್ಮ ಎಂಬ ಮುದುಕಿ ನಡೆದು ಬಂದಳು. ಹಿತ್ತಲ ನಿಂಬೆಗಿಡ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ ಎಂದಳು. ಮೂಡಲಗಿರಿಯಪ್ಪನವರು ಕನ್ನಡಕ ಹಾಕಿಕೊಂಡು ಗಿಡ ನೆಟ್ಟವರು ಯಾರು, ನೀರು ಹಾಕುವವರು ಯಾರು, ಮೊದಲು ಕಾಯಿ ಬಿಡುತ್ತಿತ್ತೇ, ನಿಂತದ್ದು ಯಾವ ಕೆಲಸ ಆದ ಮೇಲೆ ಎಂದು ಕೇಳುತ್ತ ಹೋದರು. ಮುದುಕಿ ಉತ್ತರ ಕೊಡುತ್ತ ಕೊಡುತ್ತ ನಡುವೆ ನಿಂತಳು. ಸೊಸೆ ಬಂದ ಮೇಲೆ ಪಾತ್ರೆ ತೊಳೆದ ಬೂದಿನೀರೆಲ್ಲ ಅದರ ಬುಡಕ್ಕೇ ಹೋಗುತ್ತಿದೆ ಎಂದು ಅವಳಿಗೇ ನೆನಪಾಯಿತು. ಮೊಣಕಾಲು ಹಿಡಿದುಕೊಂಡು ಎದ್ದಳು.

"ಬುಡು ಸ್ವಾಮಿ, ತಿಳೀತು. ನೀವು ಮಾ ಬುದ್ಧಿವಂತ್ರು," ಎಂದು ಹೊರಟಳು.

ಮೂಡಲಗಿರಿಯಪ್ಪನವರು ಅವಳನ್ನು ಗೇಟಿನವರೆಗೆ ಬಿಟ್ಟು ಬಂದು, ಬೂದಿನೀರಿನಿಂದ ನಿಂಬೆಗೆ ಏನಾಗುತ್ತದೆಂದು ಒಳಗಿದ್ದ ಹೆಂಡತಿಯನ್ನು ಕೇಳಿದರು. ನರಸಿಂಹಮ್ಮ ತನಗೂ ಗೊತ್ತಿಲ್ಲ ಎಂದಳು. ಅಷ್ಟರಲ್ಲಿ ಗೇಟಿನ ಬಳಿ ಇನ್ನೊಬ್ಬ, ಕೈಯಲ್ಲಿ ಬೇರುಸಹಿತ ಒಂದು ಬದನೆಗಿಡ ಹಿಡಿದುಕೊಂಡು, ವಕೀಲರು ಇದ್ದಾರೆಯೇ ಎಂದು ಕೇಳುತ್ತಿದ್ದ.